ದುರ್ಗಿ ಹೇಳಿದ ಗಾಳಿ

ಹೂಂಗುಟ್ಟುತ್ತಾ ಕೇಳು ಪುಟ್ಟೀ. ದೋಣಿಗೆಲ್ಲ ಗಾಳಿಯೇ ಗತಿಯಾಗಿದ್ದ ಒಂದಾನೊಂದು ಕಾಲದಲ್ಲಿ, ಕಡಲ ದಂಡೇಲಿ ಮಾಸ್ತಿ ಅಂತ ಒಬ್ಬ ತಂಡೇಲ ಇದ್ದನಂತೆ, ಅಂದ್ರೆ ಹಾಯಿದೋಣಿ ನಡೆಸೋನು. ಅವನಿಗೆ ದುರ್ಗಿ ಅಂತ ಮಗಳು, ಬೊಮ್ಮ ಅಂತ ಮಗ. ಅಪ್ಪ ಮಗ ಇಬ್ಬರೇ ದೋಣೀಲಿ ದೂರದ ದ್ವೀಪಕ್ಕೆ ಹೋಗಿಬರೋರು. ಹೆಣ್ಣುಮಕ್ಕಳು ದೋಣಿ ಹತ್ತೋ ಹಾಗಿರಲಿಲ್ಲ, ಅದಕ್ಕೇ ದುರ್ಗಿ ದಂಡೇಲಿ ಕೂತು ಗಾಳೀನೇ ನೋಡೋಳಂತೆ.

ಒಂದಿನ ಅಂದ್ಳಂತೆ, ಅಪ್ಪಯ್ಯ, ಮಧ್ಯಾಹ್ನ ಮರಳು ಕಾದಾಗ ಅಲ್ಲಿನ ಗಾಳಿ ಹಗುರಾಗಿ ಮೇಲೇರತ್ತೆ, ಕಡಲ ಮೇಲಿನ ತಣ್ಣನೆ ಭಾರದ ಗಾಳಿ ಆ ಜಾಗಕ್ಕೆ ನುಗ್ಗತ್ತೆ. ಮಾಸ್ತಿ ನಕ್ಕುಬಿಟ್ಟ. ಇನ್ನೊಂದಿನ, ಬಿರುಗಾಳಿಗೂ ಅಂಥದೇ ಹಗುರ ಹೊಟ್ಟೆ ಇರತ್ತೆ, ಸುತ್ತಲ ಗಾಳಿಯೆಲ್ಲ ಅಲ್ಲಿಗೇ ಓಡತ್ತೆ ಅಂದ್ಳಂತೆ. ಅದಕ್ಕೂ ನಕ್ಕ. ಮೂರನೇ ಸಲ, ಬೀಸುಕಲ್ಲು ತಿರುಗಿಸಿ, ಅದರ ಮೇಲೆ ಹಿಟ್ಟಿನ ಬೆರಳಿಂದ ನೆಟ್ಟಗೆ ಗೀಟೆಳೆದಳಂತೆ. ಗೀಟು ಬಲಕ್ಕೆ ಬಾಗಿತ್ತು. ಭೂಮೀನೂ ಹೀಗೇ ತಿರುಗತ್ತಲ್ಲ ಅಪ್ಪಯ್ಯ, ನಮ್ಮ ಸೀಮೇಲಿ ನೆಟ್ಟಗೆ ಹೊರಟ ಗಾಳಿ ಬಲಕ್ಕೆ ಬಾಗಿ, ಬಿರುಗಾಳಿ ಹೊಟ್ಟೆಯ ಸುತ್ತ ಸುತ್ತತ್ತೆ. ಗಾಳಿಗೆ ಬೆನ್ನು ಕೊಟ್ಟು ನಿಂತ್ರೆ ಹೊಟ್ಟೆ ಎಡಗಡೆ. ಎಡಕ್ಕೆ ಮಾತ್ರ ಹೋಗಬೇಡ.

ಹಿಟ್ಟು ಬೀಸೋಳು ನಂಗೆ ಹಾಯಿ ಕಲಿಸ್ತೀಯಾ ಅಂತ ಗದರಿ, ಮಾಸ್ತಿ ಮಗನ್ನ ಕರಕೊಂಡು ಹೊರಟೇಬಿಟ್ಟನಂತೆ.

ಆಮೇಲೆ, ವಾಪಸ್ ಬರೋವಾಗ, ಊರಿಗೆ ಇನ್ನೊಂದೇ ಹಗಲಿನ ದಾರಿ ಅನ್ನೋ ಹೊತ್ತಿಗೆ ಬಿರುಗಾಳಿ ಎದ್ದಿತಂತೆ. ಉತ್ತರದ ಗಾಳಿ, ಬೆನ್ನು ಕೊಟ್ರೆ ಊರು ಎಡಕ್ಕೆ. ಬೊಮ್ಮ ಅಪ್ಪನ ಕೈ ಹಿಡಕೊಂಡು, ಎಡಕ್ಕೆ ಬೇಡ ಅಪ್ಪಯ್ಯ, ಅಕ್ಕ ಹೇಳಿದ್ಳಲ್ಲ, ಅಂದನಂತೆ. ಮಾಸ್ತಿ ಕೈ ಕೊಡವಿ ಎಡಕ್ಕೇ ತಿರುಗಿಸಿದ. ಗಾಳಿ ಜೋರಾಯ್ತು, ಇನ್ನೂ ಜೋರಾಯ್ತು, ಆಮೇಲೆ ಇದ್ದಕ್ಕಿದ್ದಂತೆ ನಿಂತೇಹೋಗಿ ಬಿಸಿಲೂ ಬಂತಂತೆ. ನೋಡೋ, ಗೆದ್ವಿ ಅಂತ ಮಾಸ್ತಿ ಕುಣಿದ. ಬೊಮ್ಮ ನಗಲಿಲ್ಲ. ಇದೇ ಹೊಟ್ಟೆ ಅಪ್ಪಯ್ಯ, ಇನ್ನು ಆಚೆ ಕಡೆ ಗಾಳಿ ಎದುರಿಂದ ಬರತ್ತೆ, ಅಂತ ಹಾಯಿ ಇಳಿಸೋಕೆ ಕಂಬ ಹತ್ತಿದನಂತೆ. ಅಷ್ಟರಲ್ಲಿ ಎದುರು ದಿಕ್ಕಿಂದ ಗಾಳಿ ಬಡೀತು. ಕಂಬ ಮುರೀತು.

ಹಲಗೆ ಹಿಡಕೊಂಡು ಮಾಸ್ತಿ ಒಬ್ಬನೇ ದಂಡೆ ಸೇರಿದನಂತೆ. ದುರ್ಗಿ ಅವನಿಗೆ ಕುಡಿಯೋಕೆ ನೀರು ಕೊಟ್ಟಳು. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತಂತೆ ಅವನಿಗೆ. ಮೂರು ದಿನ ದಂಡೆಯುದ್ದಕ್ಕೂ ಮಗನ್ನ ಹುಡುಕಿದ. ನಾಲ್ಕನೇ ದಿನ ಊರಿನ ತಂಡೇಲರನ್ನೆಲ್ಲ ಕರೆದು ಕೂರಿಸಿ, ಅವರೆದುರೇ, ತಪ್ಪು ನಂದು ಮಗಾ, ನಾನು ಕೇಳಲಿಲ್ಲ, ಇವರಿಗಾದ್ರೂ ಹೇಳು, ಅಂದನಂತೆ. ಹೇಳುವಾಗ ದುರ್ಗಿ ಅತ್ತಳಂತೆ, ಆದರೂ ಪೂರ್ತಿ ಹೇಳಿದಳು.

ಆಮೇಲೆ ಆ ಊರಿನ ದೋಣಿಯೋರೆಲ್ಲ ಅವಳನ್ನ ಕೇಳಿಯೇ ಹೊರಡೋರಂತೆ, ಹೋದೋರೆಲ್ಲ ತಿರುಗಿ ಬರೋರಂತೆ. ಹುಡುಗರು ಇಳಿದಾಗಲೆಲ್ಲ ಮಾಸ್ತಿ ನೀರಿಗಿಳಿದು ಒಬ್ಬೊಬ್ಬರ ಕೈ ಹಿಡಿದು, ಬಂದ್ಯಾ ಮಗಾ, ಅನ್ನೋನಂತೆ. ಎಲ್ಲರೂ ಇಳಿದ ಮೇಲೂ ಒಂದಿಷ್ಟು ಹೊತ್ತು ಅಲ್ಲೇ ನಿಂತಿರೋನಂತೆ.

ಕತೆ ಇಷ್ಟೇ ಪುಟ್ಟೀ, ಮುಗೀತು. ಮಗ್ಗುಲಾಗು.