ಮುಟ್ಟದ ಪರದೆ

“ಗುರುಗಳೇ, ಲ್ಯಾಪ್‌ಟಾಪಿಗೆ ಎರಡನೆಯ ಪರದೆ ಇದ್ದರೆ ನಿಜವಾಗಿಯೂ ಉಪಯೋಗ ಇದೆಯೇ? ಬೆರಳಿನಿಂದ ಮುಟ್ಟಿ ಕೆಲಸ ಮಾಡುವುದು, ಗಾಜಿನ ಮೇಲೆ ಚಕ್ರ ತಿರುಗಿಸುವುದು, ಇವೆಲ್ಲ ಬರೀ ಆಡಂಬರವಲ್ಲವೇ?”

ಕೇಳಿದವನು ಪಂಚಾಕ್ಷರಿ. ಆಶ್ರಮದಲ್ಲಿ ಹಳೆಯ ತಾಳೆಗರಿಗಳನ್ನು ಓದಿ, ಕಂಪ್ಯೂಟರಿಗೆ ಏರಿಸಿ, ಅಚ್ಚಿಗೆ ಸಿದ್ಧಪಡಿಸುವ ಇಬ್ಬರು ಶಿಷ್ಯರಲ್ಲಿ ಒಬ್ಬ. ಇನ್ನೊಬ್ಬ ಸೋಮನಾಥ. ಹೋದ ತಿಂಗಳು ಭಕ್ತರೊಬ್ಬರು ಎರಡು ಪರದೆಯ ಲ್ಯಾಪ್‌ಟಾಪನ್ನು ತಂದುಕೊಟ್ಟಿದ್ದರು. ಗುರುಗಳು ಅದನ್ನು ಸೋಮನಾಥನಿಗೆ ಕೊಟ್ಟಿದ್ದರು.

ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿ, “ಕೂತುಕೋ” ಅಂದರು. ಆಮೇಲೆ ಈ ಕತೆ ಹೇಳಿದರು.

ನೇಕಾರರ ಊರೊಂದರಲ್ಲಿ ಒಬ್ಬ ನಕ್ಷೆಗಾರನಿದ್ದ. ಸೀರೆಯ ಅಂಚಿಗೆ, ಸೆರಗಿಗೆ ಚಿತ್ರ ಬರೆದುಕೊಡುವುದು ಅವನ ಕಸುಬು. ಮೊದಲು ಚೌಕುಳಿ ಕಾಗದದ ಮೇಲೆ ಬರೆಯುತ್ತಿದ್ದ. ಕಾಗದದ ಒಂದು ಚೌಕವೆಂದರೆ ಮಗ್ಗದ ಒಂದು ಎಳೆ. ಲ್ಯಾಪ್‌ಟಾಪ್ ಬಂದಾಗ ಅದನ್ನೂ ಕಲಿತ. ಇಪ್ಪತ್ತೆರಡು ವರ್ಷ ಒಬ್ಬನೇ ಯಜಮಾನನ ಹತ್ತಿರ ದುಡಿದಿದ್ದ. ಸೆರಗು ಅಂದರೆ ಅವನದೇ ಸೆರಗು ಎಂದು ಊರಲ್ಲಿ ಹೇಳುತ್ತಿದ್ದರು. ಆ ಮಾತು ಅವನ ಕಿವಿಗೂ ಬಿದ್ದಿತ್ತು. ಕೇಳಲು ಹಿತವಾಗಿಯೂ ಇತ್ತು.

ಅವನ ಕೋಣೆಗೆ ಒಬ್ಬ ಹೆಣ್ಣುಮಗಳು ಕೆಲಸಕ್ಕೆ ಬಂದಳು. ವಯಸ್ಸಿನಲ್ಲಿ ಅವನಿಗಿಂತ ಹದಿನೈದು ವರ್ಷ ಚಿಕ್ಕವಳು. ಅದೇ ಹೊತ್ತಿಗೆ ಯಜಮಾನ ಹೊಸ ಬಗೆಯ ಲ್ಯಾಪ್‌ಟಾಪ್ ಒಂದನ್ನು ಅಂಗಡಿಯಿಂದ ಒಂದು ತಿಂಗಳ ಪರೀಕ್ಷೆಗೆಂದು ತಂದ. ಎಂದಿನ ಪರದೆಯ ಕೆಳಗೆ, ಕೀಲಿಮಣೆಯ ಮೇಲ್ಭಾಗದಲ್ಲಿ, ಅದಕ್ಕೆ ಇನ್ನೊಂದು ಪರದೆ ಇತ್ತು. ಅದು ಬೆರಳಿಗೂ ಓಗೊಡುತ್ತಿತ್ತು, ಕಡ್ಡಿಯಂಥ ಪೆನ್ನಿಗೂ ಓಗೊಡುತ್ತಿತ್ತು. ಯಜಮಾನ ಅದನ್ನು ಅವಳ ಮೇಜಿನ ಮೇಲಿಟ್ಟು, ನಕ್ಷೆಗಾರನಿಗೆ, “ನಿನಗೆ ಹಳೆಯದರಲ್ಲೇ ಕೈ ಕೂತಿದೆಯಲ್ಲ” ಅಂದ. ನಕ್ಷೆಗಾರ ನಕ್ಕ. ಆ ನಗು ತುಟಿಯಿಂದ ಕೆಳಗಿಳಿಯಲಿಲ್ಲ.

ಅವಳು ಇಡೀ ಸೆರಗನ್ನು ಮೇಲಿನ ಪರದೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕೆಳಗಿನದರಲ್ಲಿ ಒಂದೇ ಹೂವನ್ನು ಅಂಗೈಯಗಲ ಹಿಗ್ಗಿಸಿ ಪೆನ್ನಿನಿಂದ ತಿದ್ದುತ್ತಿದ್ದಳು. ಕೆಳಗೆ ಒಂದು ಎಸಳು ಬದಲಾದರೆ ಮೇಲೆ ಇಡೀ ಸಾಲು ಬದಲಾಗುತ್ತಿತ್ತು. ಬಣ್ಣ ಬೇಕಾದರೆ ಗಾಜಿನ ಮೇಲೆ ಮೂಡುವ ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. ನೇಕಾರರು ಒಳಗೆ ಬಂದವರೇ ಮೊದಲು ಅವಳ ಮೇಜಿನ ಹತ್ತಿರ ನಿಲ್ಲತೊಡಗಿದರು.

ನಕ್ಷೆಗಾರ ತನ್ನ ಕೆಲಸ ಮಾಡುತ್ತಲೇ ಓರೆಗಣ್ಣಿನಿಂದ ನೋಡಿದ. ನೋಡಿ ನೋಡಿ ಆ ಯಂತ್ರದ ದೋಷಗಳೆಲ್ಲ ಅವನಿಗೆ ಬಾಯಿಪಾಠವಾದವು. ಬೆರಳಿನ ಜಿಡ್ಡು ಹತ್ತುತ್ತದೆ. ಕಿಟಕಿಯ ಬೆಳಕು ಬಿದ್ದರೆ ಕೆಳಗಿನ ಪರದೆ ಮಂಕಾಗುತ್ತದೆ. ಕತ್ತು ಬಗ್ಗಿಸಿ ಬಗ್ಗಿಸಿ ನೋವು ಬರುತ್ತದೆ. ಬ್ಯಾಟರಿ ಊಟದ ಹೊತ್ತಿಗೇ ಮುಗಿಯುತ್ತದೆ.

ಒಂದು ದಿನ ಅವಳೇ, “ಅಣ್ಣಾ, ನೀವೂ ಒಮ್ಮೆ ಕೈಯಾಡಿಸಿ ನೋಡಿ” ಅಂದಳು.

“ಇರುವ ಒಂದು ಪರದೆ ನೋಡುವಷ್ಟರಲ್ಲೇ ನನ್ನ ಕಣ್ಣು ಸೋಲುತ್ತದಮ್ಮ” ಅಂದ. ಅಲ್ಲಿದ್ದ ನೇಕಾರರು ನಕ್ಕರು. ಅವಳೂ ನಕ್ಕಳು. ಅವನಿಗೆ ಅದರಿಂದಲೂ ಸಮಾಧಾನವಾಗಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ಹೆಂಡತಿ ಕೇಳಿ ಕೇಳಿ ಸಾಕಾಗಿ, “ಅಷ್ಟು ತಲೆ ಕೆಡಿಸಿಕೊಳ್ಳುವ ಬದಲು ಒಂದು ಗಳಿಗೆ ಕೊಡು ಅಂತ ಕೇಳಬಾರದೇ?” ಅಂದಳು. “ನಾನು ಅವಳನ್ನು ಕೇಳಬೇಕೇ?” ಎಂದು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ತಿಂಗಳು ಮುಗಿಯಲು ಎರಡು ದಿನವಿತ್ತು. ಯಜಮಾನ ಅವನನ್ನು ಒಳಗೆ ಕರೆದು ಕೇಳಿದ. “ನನಗೆ ಇದೆಲ್ಲ ಅರ್ಥವಾಗುವುದಿಲ್ಲ. ಇಟ್ಟುಕೊಳ್ಳೋಣವೋ, ವಾಪಸು ಮಾಡೋಣವೋ? ನೀನು ಹೇಳಿದ ಹಾಗೆ.”

ನಕ್ಷೆಗಾರ ದೋಷಗಳನ್ನೆಲ್ಲ ಹೇಳಿದ. ಜಿಡ್ಡು, ಮಂಕು, ಕತ್ತು, ಬ್ಯಾಟರಿ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ತನಗೆ ಎರಡು ದಿನ ಹಿಡಿಯುವ ಸೆರಗಿನ ಮೂಲೆಯ ಚಿತ್ರವನ್ನು ಅವಳು ಅರ್ಧ ದಿನದಲ್ಲಿ ಮುಗಿಸಿದ್ದನ್ನು ಕಣ್ಣಾರೆ ಕಂಡಿದ್ದ. ಅದನ್ನು ಮಾತ್ರ ಹೇಳಲಿಲ್ಲ.

ಯಂತ್ರ ಅಂಗಡಿಗೆ ಹಿಂತಿರುಗಿತು. ಅವಳ ಮೇಜಿಗೆ ಹಳೆಯ ಲ್ಯಾಪ್‌ಟಾಪ್ ಬಂತು. ಆ ವಾರ ನಕ್ಷೆಗಾರ ಹೊಟ್ಟೆತುಂಬ ಉಂಡ, ಕಣ್ತುಂಬ ನಿದ್ದೆ ಮಾಡಿದ.

ಅಷ್ಟರಲ್ಲಿ ಮದುವೆ ಮನೆಯೊಂದಕ್ಕೆ ಹನ್ನೆರಡು ಸೀರೆ ಬೇಕಾದವು. ಅಂಚಿನಲ್ಲಿ ಗಿಳಿಯ ಸಾಲು, ಅದು ಮೂಲೆಯಲ್ಲಿ ತಿರುಗಿ ಸೆರಗಿಗೆ ಸೇರಬೇಕು. ಯಜಮಾನ ಆ ಕೆಲಸವನ್ನು ಅವಳಿಗೆ ಒಪ್ಪಿಸಿದ. ಒಂದೇ ಪರದೆಯಲ್ಲಿ ಅದು ಸುಲಭವಲ್ಲ. ಇಡೀ ಮೂಲೆ ಕಂಡರೆ ಗಿಳಿ ಸಾಸಿವೆಯಷ್ಟು. ಗಿಳಿಯನ್ನು ಹಿಗ್ಗಿಸಿದರೆ ಮೂಲೆ ಕಣ್ಮರೆ. ಕಾಗದದ ಮೇಲೆ ಮೊದಲು ಚೌಕ ಎಣಿಸಿಟ್ಟುಕೊಳ್ಳಬೇಕೆಂಬ ಉಪಾಯ ನಕ್ಷೆಗಾರನಿಗೆ ಗೊತ್ತಿತ್ತು. ಅವಳು ಮತ್ತೆ ಮತ್ತೆ ಹಿಗ್ಗಿಸಿ ಕುಗ್ಗಿಸಿ ತಡಕಾಡುವುದನ್ನು ಅವನು ಮೂರು ದಿನ ನೋಡಿದ. ಹೇಳಲಿಲ್ಲ.

ತಪ್ಪು ಕಣ್ಣಿಗೆ ಬೀಳುವಷ್ಟರಲ್ಲಿ ಮೂರು ಸೀರೆ ಮಗ್ಗದಿಂದ ಇಳಿದಿದ್ದವು. ಒಬ್ಬ ನೇಕಾರ ಒಂದನ್ನು ತಂದು ಎಲ್ಲರ ಮುಂದೆ ಹಾಸಿದ. ಅಂಚಿನ ಗಿಳಿಗಳೆಲ್ಲ ಸರಿಯಾಗಿದ್ದವು. ಮೂಲೆಯ ಗಿಳಿಗೆ ತಲೆಯೇ ಇರಲಿಲ್ಲ.

“ಹನ್ನೊಂದು ದಿನ ಕೂತು ನೇಯ್ದೆ. ಮಗ್ಗದಲ್ಲಿ ಬಟ್ಟೆಯ ಹಿಂಬದಿ ಮೇಲಿರುತ್ತದೆ ನೋಡಿ, ಗೊತ್ತಾಗಲಿಲ್ಲ” ಅಂದ ನೇಕಾರ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು.

“ತಪ್ಪು ನನ್ನದು” ಅಂದಳು ಅವಳು.

ಯಜಮಾನ ಬೈಯಲಿಲ್ಲ. ನಾಳೆಯಿಂದ ನೀನು ಬಣ್ಣ ತುಂಬುವ ಕೆಲಸವನ್ನಷ್ಟೇ ನೋಡಿಕೋ ಅಂದ. ಸೆರಗಿನ ಕೆಲಸ ಮತ್ತೆ ನಕ್ಷೆಗಾರನಿಗೆ ಬಂತು. ಅವನು ಬಾಯಿಬಿಟ್ಟು ಕೇಳದೆಯೇ, ಬೇಕಾಗಿದ್ದದ್ದು ಅವನ ಮೇಜಿಗೆ ಬಂದು ಬಿದ್ದಿತ್ತು.

ಸಂಜೆ ಎಲ್ಲರೂ ಹೊರಟ ಮೇಲೆ ಅವಳು ಅವನ ಬಳಿ ಬಂದಳು. “ಅಣ್ಣಾ, ಆ ಲ್ಯಾಪ್‌ಟಾಪ್ ಪ್ರಯೋಜನವಿಲ್ಲ ಅಂತ ನೀವು ಹೇಳಿದಿರಂತೆ. ನಿಮಗೆ ಕೆಲಸ ಗೊತ್ತು, ಏನೋ ಕಂಡೇ ಹೇಳಿರುತ್ತೀರಿ. ಅದರಲ್ಲಿ ನನ್ನ ನಕ್ಷೆ ಎಲ್ಲಿ ಕೆಡುತ್ತಿತ್ತು ಅಂತ ಹೇಳಿದರೆ ತಿದ್ದಿಕೊಳ್ಳುತ್ತೇನೆ.”

ಅವಳ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಅವನು ಅವಳ ಮುಖ ನೋಡಿದ. ಇರಲಿಲ್ಲ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ಜಿಡ್ಡು, ಮಂಕು ಎನ್ನಲು ಅವನಿಗೆ ಬಾಯಿ ಬರಲಿಲ್ಲ. “ನಾಳೆ ಹೇಳುತ್ತೇನಮ್ಮ” ಅಂದ.

ಮರುದಿನ ಬೆಳಿಗ್ಗೆ ನೇರ ಯಜಮಾನನ ಹತ್ತಿರ ಹೋದ. “ಅದನ್ನು ನಾನು ಒಂದು ಸಲವೂ ಮುಟ್ಟಿರಲಿಲ್ಲ. ಅವಳ ಕೈಯಲ್ಲಿ ಅದನ್ನು ನೋಡಲು ಆಗಲಿಲ್ಲ, ಅಷ್ಟೇ” ಅಂದ.

ಯಜಮಾನ, “ನೀನು ಹೂಂ ಅಂದಿದ್ದರೆ ನಿನಗೂ ಒಂದು ತರಿಸುವವನಿದ್ದೆ” ಅಂದ.

ನಕ್ಷೆಗಾರ ಅವಳಿಗೂ ಹೇಳಿದ. ಚೌಕ ಎಣಿಸುವ ಉಪಾಯವನ್ನು ಬಚ್ಚಿಟ್ಟಿದ್ದನ್ನೂ ಹೇಳಿದ. ಅವಳ ಕಣ್ಣು ತುಂಬಿತು. “ಹಾಗಾದರೆ ಅದರಲ್ಲಿ ದೋಷವೇ ಇರಲಿಲ್ಲವೇ?” ಅಂದಳು.

“ಇತ್ತು. ನಾನು ಹೇಳಿದ್ದೆಲ್ಲ ಇತ್ತು. ಆದರೆ ನಾನು ಹೇಳಿದ್ದು ಅದಕ್ಕಲ್ಲ.”

ಅವಳು ಹದಿನೈದು ದಿನ ಅವನೊಡನೆ ಮಾತಾಡಲಿಲ್ಲ. ಅವನೇ ಕೂತು ಆ ಮೂಲೆಯನ್ನು ತಿದ್ದಿಕೊಟ್ಟ. ಅವಳ ಕೆಲಸ ಅವಳಿಗೆ ಮರಳಿತು. ಯಂತ್ರವೂ ಮತ್ತೆ ಬಂತು, ಎರಡಲ್ಲ, ಒಂದೇ, ಈ ಸಲ ಇಬ್ಬರ ಮೇಜಿನ ನಡುವೆ. ಒಂದು ಮಧ್ಯಾಹ್ನ ಅವಳು ತಾನಾಗಿಯೇ, “ಇಲ್ಲಿ ಬೆರಳಿಡಿ” ಅಂದಳು. ಅವನು ಇಟ್ಟ. ಬೆರಳ ಕೆಳಗೆ ಹೂವು ಹಿಗ್ಗಿತು. ಅವನ ಮುಖವೂ ಅರಳಿತು. ಅದರ ಬೆನ್ನಿಗೇ, ಇದು ಇವಳಿಗೆ ನನಗಿಂತ ಮೊದಲೇ ಗೊತ್ತಾಯಿತಲ್ಲ ಎಂಬ ಉರಿಯೂ ಎದ್ದಿತು. ಅದು ಪೂರ್ತಿ ಆರಿತೆಂದು ನಾನು ಹೇಳಲಾರೆ. ಮುಂದೆಯೂ ನೇಕಾರರು ಅವಳ ಸೆರಗನ್ನು ಹೊಗಳಿದಾಗ ಅದು ಏಳುತ್ತಿತ್ತು. ಆದರೆ ಆಗೆಲ್ಲ ಅವನು ಕುರ್ಚಿ ಬಿಟ್ಟೆದ್ದು ಹೋಗಿ, ಹೇಗೆ ಮಾಡಿದೆ ತೋರಿಸು ಎಂದು ಅವಳನ್ನೇ ಕೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿ, “ಆದರೆ ಗುರುಗಳೇ, ಎರಡನೆಯ ಪರದೆ ನಮ್ಮ ತಾಳೆಗರಿ ಕೆಲಸಕ್ಕೆ ಉಪಯೋಗವೋ ಅಲ್ಲವೋ, ತಾವು ಹೇಳಲೇ ಇಲ್ಲ” ಅಂದ.

“ಸೋಮನಾಥನ ಕೋಣೆ ನಿನ್ನ ಕೋಣೆಗೆ ಅಂಟಿಕೊಂಡೇ ಇದೆ, ಅದನ್ನು ದಾಟಿ ಇಷ್ಟು ದೂರ ನನ್ನನ್ನು ಕೇಳಲು ಯಾಕೆ ಬಂದೆ?” ಅಂದರು ಗುರುಗಳು.