ಮೂಗಿನ ಬಾಗಿಲಲ್ಲಿ ಆದ ಪರಿಚಯ

"ಇವತ್ತೂ ಕೆಲಸದ ನಡುವೆ ಕರೆದೆಯಾ?" ಎಂದು ಗೊಣಗುತ್ತ ಕಾವಲುಗಾತಿ ಬಿಳಿ ರಕ್ತಕಣ ಮೂಗಿನ ಬಾಗಿಲಿಗೆ ಬಂದಳು. ಮಗುವಿನ ಮೈಯಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕಳ್ಳರೆಂದು ತಿಳಿದು ಬಡಿದು ಹಾಕುವುದೇ ಈಚೆಗೆ ಅವಳ ಕೆಲಸವಾಗಿಬಿಟ್ಟಿತ್ತು.

ಮೂಗು ಎಂದಿನಂತೆ, ವೈದ್ಯರು ದಿನಾ ತನ್ನೊಳಗೆ ಸಿಂಪಡಿಸುವ ಇನ್ಸುಲಿನ್‌ನ ಒಂದು ಹನಿಯನ್ನು ಅವಳಿಗೆ ಮೂಸಲು ಕೊಟ್ಟು, "ಇದು ನಮ್ಮ ಮನೆಯದೇ ಅಕ್ಕಾ, ಗುರುತಿಟ್ಟುಕೋ," ಎಂದಿತು.

"ನನಗೇ ಪಾಠ ಹೇಳುತ್ತೀಯಾ? ಈ ಮೈಯಲ್ಲಿ ನನಗಿಂತ ಜಾಣೆ ಯಾರಿದ್ದಾರೆ?"

ಹೀಗೆ ದಿನಾ ಮೂಸಿ ಹತ್ತನೆಯ ದಿನ, ಇನ್ಸುಲಿನ್ ತಯಾರಿಸುವ ಜೀವಕೋಶವೊಂದನ್ನು ಬಡಿಯಲು ಎತ್ತಿದ ಅವಳ ಕೈ ತಾನಾಗಿ ಇಳಿಯಿತು. ಎದುರಿಗಿದ್ದ ಜೀವಕೋಶದ ಮೈಯಿಂದ ಅದೇ ವಾಸನೆ ಬರುತ್ತಿತ್ತು.

"ಜಾಣೆಯಂತೆ ಜಾಣೆ," ಎಂದು ತನ್ನನ್ನೇ ಬೈದುಕೊಂಡಳು. "ಮನೆಯವರನ್ನೇ ಬಡಿದು, ಕಳ್ಳರನ್ನು ಬಡಿದೂ ಬಡಿದೂ ಮೈಕೈ ನೋವು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ."

"ಹೋಗಲಿ ಬಿಡು ತಾಯಿ," ಎಂದಿತು ಜೀವಕೋಶ. "ಈ ಮಗುವನ್ನು ಸಾಕೋಕೆ ಉಳಿದಿರೋ ನಾವು ನಾಲ್ಕು ಜನ ಸಾಕಾಗ್ತೀವಾ?"