ಅಡುಗೆಮನೆಯ ಗಾಳಿ

ಹೊಸಪೇಟೆ ಕಡೆಯ ಒಂದು ಕಲ್ಯಾಣಮಂಟಪ. ಊಟದ ಹಾಲ್‌ಗೆ ಎ.ಸಿ., ಅಡುಗೆಮನೆಗೆ ಬೂಷ್ಟು. ಹಬೆ ಹೊರಗೆ ಎಳೆಯುವ ಫ್ಯಾನ್ ಕೆಟ್ಟು ವರ್ಷವಾಗಿತ್ತು. ಛಾವಣಿ ಕಪ್ಪಗಾಗಿ, ಬೂಷ್ಟಿನ ಪುಡಿ ಒಳಗೇ ಹಾರಾಡುತ್ತಿತ್ತು. ಬೇಯಿಸುವ ಹೆಂಗಸರು ಕೆಮ್ಮಿ ಕೆಮ್ಮಿ ಸುಸ್ತಾಗಿದ್ದರು.

ಅವರ ಪರವಾಗಿ ಅಡುಗೆಯ ಹುಲಿಗೆಮ್ಮ ಮಾಲೀಕ ಪಂಪಾಪತಿಯ ಎದುರು ನಿಂತಳು. "ಸಾವ್ಕಾರ್ರ, ಬೂಷ್ಟು ಕೆರೆಸ್ರಿ, ಫ್ಯಾನ್ ಹಾಕಿಸ್ರಿ. ಉಸಿರು ಕಟ್ಟತೈತಿ."

ಪಂಪಾಪತಿ ಹಲ್ಲುಕಡ್ಡಿ ಆಡಿಸುತ್ತ ಅಂದ: "ಬೂಷ್ಟು ಅನ್ನೋ ಮಾತು ಯಾರ ಬಾಯಾಗ ಬಂದ್ರೂ ಅವರನ್ನ ಕೆಲಸ ಬಿಡಿಸ್ತೀನಿ. ಕೆಮ್ಮು ಯಾಕಂತ ಕೇಳಿದ್ರ ಗಾಳಿ ಅಂತ ಹೇಳು, ಸಾಕು."

ಹುಲಿಗೆಮ್ಮನಿಗೆ ಮೈಯೆಲ್ಲ ಉರಿಯಿತು. "ಆತ್ರಿ, ಹಂಗ ಹೇಳ್ತೀನಿ" ಅಂದು ಒಳಗೆ ಹೋದಳು.

ಮರುದಿನ ಮಂಟಪ ನೋಡಲು ಹೆಣ್ಣಿನ ಕಡೆಯವರು ಬಂದರು. ಅಡುಗೆಮನೆಯ ಬಾಗಿಲಲ್ಲೇ ಹುಡುಗಿಯ ಅಜ್ಜಿ ನಿಂತುಬಿಟ್ಟಳು. "ಯಾಕವ್ವ, ಎಲ್ಲಾರೂ ಹಿಂಗ ಕೆಮ್ಮತೀರಿ?"

ಹುಲಿಗೆಮ್ಮ ದನಿ ತಗ್ಗಿಸಿದಳು. "ಗಾಳಿ, ಯವ್ವಾ. ಒಳಗ ಬಂದೋರಿಗೆಲ್ಲ ಬಡಿತೈತಿ."

ಅಜ್ಜಿ ಮೊಮ್ಮಗಳ ಕೈ ಹಿಡಿದು ತಿರುಗಿದಳು. "ದೆವ್ವ ಇರೋ ಕಡೆ ನಮ್ಮ ಹುಡುಗಿ ಮದುವಿ ಬ್ಯಾಡ, ನಡೀರಿ."

ಪಂಪಾಪತಿ ಗೇಟಿನ ತನಕ ಓಡಿದ. "ದೆವ್ವ ಅಲ್ರಿ ಅಮ್ಮಾ, ಬೂಷ್ಟು! ಬರೇ ಬೂಷ್ಟು. ಛಾವಣಿ ತುಂಬ ಐತಿ, ಬೇಕಾದ್ರ ಬಂದು ನೋಡ್ರಿ."

ಬೀದಿಯವರೆಲ್ಲ ಕೇಳಿಸಿಕೊಂಡರು. ಅಜ್ಜಿ ಇನ್ನೂ ಜೋರಾಗಿ ಹೆಜ್ಜೆ ಹಾಕಿದಳು.

ಹಿಂದಿನಿಂದ ಹುಲಿಗೆಮ್ಮ ಕೇಳಿದಳು: "ಆ ಮಾತು ಈಗ ನಿಮ್ಮ ಬಾಯಾಗ ಬಂತಲ್ರಿ ಸಾವ್ಕಾರ್ರ. ನಾಳಿಂದ ಕೆಲಸಕ್ಕ ನೀವು ಬರಂಗಿಲ್ಲೇನು?"